ಸೋಲನ್ನು ಮೈಕಿನಲ್ಲಿ ಮೊದಲೇ ಸಾರಿದವರಿಗೆ

ನಮ್ಮೂರ ಕಬಡ್ಡಿ ಸಂಘದ ಮಾನ್ಯ ಅಧ್ಯಕ್ಷರೇ,

ನನ್ನ ಅಕ್ಷರ ಸೊಟ್ಟ, ತಪ್ಪುಗಳೂ ಇರುತ್ತವೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಕ್ಷಮಿಸಿ. ನಿಮ್ಮೆದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಎಲ್ಲರೂ ಓದಲೆಂದು ಪೇಪರಿಗೆ ಬರೆಯುತ್ತಿದ್ದೇನೆ. ನನ್ನ ತಮ್ಮ ಮಾಳಸಿದ್ದನ ದವಡೆ ಮುರಿದಿದೆ. ಬಡಿಗೆ ಊರವರದು, ಏಟು ನಿಮ್ಮ ನಾಲಿಗೆಯದು.

ನಮ್ಮ ಸಂಘದ ರೂಢಿಯನ್ನು ನಿಮಗೇ ಹೇಳಿಕೊಡಬೇಕೇ? ಪಂದ್ಯಕ್ಕೆ ಮೊದಲು ಅಧ್ಯಕ್ಷರು ಪ್ರತಿ ಹುಡುಗನ ಹಣೆಗೆ ಬೀರಪ್ಪ ದೇವರ ಭಂಡಾರ ಹಚ್ಚಿ ‘ಚಾಂಗಭಲೋ’ ಎಂದು ಜೈಕಾರ ಹಾಕಬೇಕು. ಆ ಹಳದಿ ಪುಡಿ ಹಣೆಗೆ ಬಿದ್ದರೆ ಸಾಕು, ನಮ್ಮ ಹುಡುಗರು ಕೋಣನಂಥ ಆಳನ್ನೂ ಕಾಲು ಹಿಡಿದು ಕೆಡವುತ್ತಿದ್ದರು. ಭೋಜ ಊರಿನ ಮೈದಾನದಲ್ಲಿ ಫೈನಲ್ ದಿನ ಅವರು ಹಣೆ ಒಡ್ಡಿ ನಿಂತಾಗ ನೀವು ಭಂಡಾರದ ಡಬ್ಬಿ ಮುಚ್ಚಿ ಮೈಕ್ ಹಿಡಿದಿರಿ. “ಸೋಲೂ ಮಂದಿಗೆ ಭಂಡಾರ ಹಚ್ಚಿ ದೇವರ ಹೆಸರ ಯಾಕ ಕೆಡಸೂಣ್ರಿ? ಗೆದ್ದ ಬರ್ಲಿ, ಆಮ್ಯಾಲ ನೋಡೂಣಂತ!” ಜನ ಬಿದ್ದು ಬಿದ್ದು ನಕ್ಕರು. ಹುರುಪು ಬರಲೆಂದು ಚುಚ್ಚಿದೆ ಎಂದು ಈಗ ಹೇಳುತ್ತಿದ್ದೀರಂತೆ. ಎತ್ತಿನ ಕಣ್ಣಿಗೆ ಮುಳ್ಳುಗೋಲು ಚುಚ್ಚಿ ‘ಓಡು’ ಅನ್ನುವ ಒಕ್ಕಲಿಗನನ್ನು ನಾನಂತೂ ಕಂಡಿಲ್ಲ.

ಕಬಡ್ಡಿಯಲ್ಲಿ ಹುಡುಗರು ಕೈಕೈ ಹಿಡಿದು ಎದುರಾಳಿಯನ್ನು ಸುತ್ತುಗಟ್ಟುತ್ತಾರೆ. ಅಂದು ಒಬ್ಬ ಮುನ್ನುಗ್ಗಿದರೆ ಪಕ್ಕದವನು ಕೈ ಬಿಟ್ಟ. ಸೋಲು ಖಾತ್ರಿ ಎಂದು ಸ್ವಂತ ಅಧ್ಯಕ್ಷರೇ ಸಾರಿದ ಮೇಲೆ ಯಾರು ಯಾರ ಕೈಯನ್ನು ಎಷ್ಟು ಹೊತ್ತು ಹಿಡಿದಾರು? ಕೊನೆಯ ರೇಡಿಗೆ ಹೋದ ಮಾಳಸಿದ್ದ ಮರಳಿ ನಡುಗೆರೆ ಮುಟ್ಟುವ ಮೊದಲೇ ಕಾಲು ತಡವರಿಸಿ ಬಿದ್ದ, ಪಂದ್ಯ ಸೋತೆವು. ಆಗ ಮತ್ತೆ ನಿಮ್ಮ ಮೈಕ್: “ನಾ ಮೊದಲ ಹೇಳಿದ್ನಿಲ್ಲ? ಬೇಕಂತ ಬಿದ್ದಾನ್ರಿ ಅಂವ!”

ನಮ್ಮೂರವರೇ ಪೆಂಡಾಲಿನ ಗಳ ಕಿತ್ತುಕೊಂಡು ಬಂದರು. “ಗದ್ದಾರ! ಯಾರಿಗಿ ಮಾರ್ಕೊಂಡಿ ಲೇ ಊರ?” ಎಂದು ಬಾಯಿಗೇ ಬಾರಿಸಿದರು. ಹಲ್ಲು ಉದುರಿ ಮಣ್ಣಿಗೆ ಬಿದ್ದವು. ನಮ್ಮವ್ವ ಅವನ ಮೇಲೆ ಅಡ್ಡ ಬಿದ್ದು, “ನಿಮ್ಮ ಊರ ಕೂಸೋ ಯಪ್ಪಾ, ಹೊಡಿಬ್ಯಾಡ್ರೋ!” ಎಂದು ಕೂಗಿದಳು. ಅವಳ ಬೆನ್ನ ಮೇಲೂ ಗಳ ಮುರಿಯಿತು. ಅಷ್ಟು ಹೊತ್ತು ಗುಡುಗಿದ ಮೈಕಿಗೆ “ಸಾಕ ಬಿಡ್ರಿ” ಅನ್ನಲು ಮಾತ್ರ ಕರೆಂಟು ಹೋಗಿತ್ತೇ?

ದವಡೆಗೆ ತಂತಿ ಬಿಗಿದಿದ್ದಾರೆ, ಎಲುಬು ಕೂಡೀತು. ನನ್ನ ಭಯವೇ ಬೇರೆ. ನಿನ್ನೆ ಆ ತಂತಿಯ ಒಳಗಿಂದಲೇ ಕೇಳಿದ: “ಅಕ್ಕಾ, ನಾ ಖರೇನ ಬೇಕಂತ ಬಿದ್ನೇನ?” ನಿಮ್ಮ ಸುಳ್ಳನ್ನು ಮೊದಲು ಊರು ನಂಬಿತು, ಈಗ ಅವನೇ ನಂಬತೊಡಗಿದ್ದಾನೆ. “ಇಲ್ಲೋ ತಮ್ಮಾ” ಎಂದೆ. ಗೋಡೆ ಕಡೆ ಹೊರಳಿ ಮಲಗಿದ. ಅಧ್ಯಕ್ಷರ ಮಾತಿನ ಮುಂದೆ ಅಕ್ಕನ ಮಾತು ಯಾವ ಲೆಕ್ಕ?

ಬರುವ ರವಿವಾರ ಯಡೂರಿನಲ್ಲಿ ಪಂದ್ಯವಿದೆ. ಅಲ್ಲಿ ಎಲ್ಲರ ಮುಂದೆ ಮೈಕ್ ಹಿಡಿದು, ‘ಮಾಳಸಿದ್ದ ಬೇಕಂತ ಬೀಳಲಿಲ್ಲ, ನಾನು ಸುಳ್ಳು ಹೇಳಿದೆ’ ಅನ್ನಿ. ಕೇಳಲು ಅವನನ್ನು ಹೇಗಾದರೂ ಕರೆತರುತ್ತೇನೆ. ಹೇಳಲು ನಾಚಿಕೆಯಾದರೆ ಕುರ್ಚಿ ಬಿಟ್ಟು ಇಳಿಯಿರಿ.

ಇವತ್ತು ಮುಂಜಾನೆ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ, ಅರಿವೆಯಲ್ಲಿ ಸೋಸಿ, ಹಲ್ಲು ಹೋದ ಸಂದಿಯಿಂದ ಅವನಿಗೆ ಕುಡಿಸಿದೆ.

ಇಂತಿ,
ಮೈಕ್ ಇಲ್ಲದ
ಅನುಸೂಯಾ