ಮುಚ್ಚಿದ ನಾಲ್ಕು ತೂತುಗಳು

ಕುರೊಯಿಶಿ, ಆವೊಮೊರಿ
ಮಾರ್ಚ್ ೧೭

ಮಗಳು ಮಿನಾಹೊಗೆ,

ಟ್ರಕ್ಕು ಒಯ್ಯಲು ಭಾನುವಾರ ಬರಬೇಡ. ನಿನ್ನೆ ಫೋನಿನಲ್ಲಿ ಇದನ್ನೇ ಹೇಳಲು ಹೊರಟಿದ್ದೆ. ನೀನು, 'ಅಮ್ಮನ ಟ್ರಕ್ಕು ಕೊಡೋಕೆ ಮನಸ್ಸಿಲ್ಲ ಅಂತ ನೆಟ್ಟಗೆ ಹೇಳಪ್ಪಾ' ಎಂದು ಫೋನ್ ಇಟ್ಟುಬಿಟ್ಟೆ. ಮನಸ್ಸಿದೆ ಕಣಮ್ಮಾ. ಕೊಡಲು ಟ್ರಕ್ಕೇ ಉಳಿದಿಲ್ಲ.

ಹೊರಗಿನಿಂದ ನೋಡಿದರೆ ನೀನು ನಂಬುವುದಿಲ್ಲ. ಮೂತಿಯ ನೆಗ್ಗು ತಟ್ಟಿ ತೆಗೆದು ಬಿಳಿ ಬಣ್ಣ ಹೊಡೆದಿದ್ದೇನೆ. ಒಂದು ತಿಂಗಳಿಂದ ಬಾಗಿಲ ಒಳತಗಡು ಬಿಚ್ಚುವುದು, ತಂತಿ ಬ್ರಷ್ಷಿನಲ್ಲಿ ಉಜ್ಜುವುದು, ತುಕ್ಕು ತಡೆಯುವ ಎಣ್ಣೆಯ ಡಬ್ಬ ಬಿಸಿನೀರಿನಲ್ಲಿಟ್ಟು ತೆಳ್ಳಗಾದ ಮೇಲೆ ಉದ್ದನೆಯ ಕೊಳವೆಯಿಂದ ಸಂದುಸಂದಿಗೂ ಸಿಂಪಡಿಸುವುದು, ಇದೇ ಕೆಲಸ. ತಗಡು ಒಣಗಿಸಿದ್ದು ಅಮ್ಮನ ಕೂದಲೊಣಗಿಸುವ ಯಂತ್ರದಲ್ಲಿ. ಅವಳಿದ್ದಿದ್ದರೆ ಬೈದಿರುತ್ತಿದ್ದಳು.

ಇವತ್ತು ಬೆಳಿಗ್ಗೆ ಡ್ರೈವರ್ ಸೀಟಿನ ಪಕ್ಕ, ಬಾಗಿಲಡಿಯ ಟೊಳ್ಳು ತಗಡಿನ ಹೊಸ್ತಿಲಿಗೆ ಸ್ಕ್ರೂಡ್ರೈವರ್ ಒತ್ತಿದೆ. ನೆನೆದ ರಟ್ಟಿನ ಹಾಗೆ ಒಳಕ್ಕೆ ಹೋಯಿತು. ಕೈಗೆ ಬಂದದ್ದು ಒಂದು ಬೊಗಸೆ ಕೆಂಪು ಕೆಸರು. ನಾಲಿಗೆಗೆ ತಾಗಿಸಿ ನೋಡಿದೆ. ಉಪ್ಪು.

ಅದರಡಿಯ ನಾಲ್ಕು ತೂತುಗಳನ್ನು ಮುಚ್ಚಿದವನು ನಾನೇ. ಏಳು ವರ್ಷದ ಹಿಂದೆ, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅಲ್ಲಿಂದಲೇ ಒಳಗೇರುತ್ತದೆಂದು ರಬ್ಬರ್ ಅಂಟು ತುಂಬಿದ್ದೆ. ಅಮ್ಮ ಪಕ್ಕದಲ್ಲಿ ಸೇಬಿನ ಪೆಟ್ಟಿಗೆ ಕಟ್ಟುತ್ತಿದ್ದಳು. 'ಏನ್ರೀ, ಮೇಲಿಂದ ಇಳಿದ ನೀರು ಎಲ್ಲಿಗೆ ಹೋಗ್ಬೇಕು? ಹೂಕುಂಡಕ್ಕೂ ಅಡೀಲಿ ತೂತಿರುತ್ತೆ' ಎಂದಳು. ನಾನು ಡಬ್ಬ ತೋರಿಸಿ, 'ಇಲ್ಲಿ ಸೀಲ್ ಅಂತ ಬರ್ದಿದೆ. ಕಾಲೇಜಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದ್ದು ನಾನಾ, ನೀನಾ?' ಎಂದೆ. 'ಆಯ್ತು ಮೇಷ್ಟ್ರೇ' ಎಂದು ನಕ್ಕಳು. ಕೆಳಗೆ ಇನ್ನೂ ಐದಾರು ಸಾಲು ಸಣ್ಣ ಅಕ್ಷರ ಇತ್ತು. ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎನ್ನಲು ನಾಚಿಕೆ.

ಬಂದ ನೀರೆಲ್ಲ ಏಳು ಚಳಿಗಾಲ ಅಲ್ಲೇ ನಿಂತಿದೆ. ಎಣ್ಣೆ ಬಳಿಯಲು ತಗಡು ಇರಬೇಕಲ್ಲ? ಸೀಟ್ ಬೆಲ್ಟಿನ ಬುಡದ ಬೋಲ್ಟು ಕೂತಿರುವುದೂ ಅದೇ ಹೊಸ್ತಿಲಿಗೆ. ಅದರಲ್ಲಿ ನಿನ್ನನ್ನು ಕೂರಿಸಲಾರೆ.

'ಕಂಬಕ್ಕೆ ಅಷ್ಟು ಸಣ್ಣ ಡಿಕ್ಕಿ, ಬೆಲ್ಟ್ ಹಾಕ್ಕೊಂಡಿದ್ರೆ ಅಮ್ಮ ಬದುಕ್ತಿದ್ಲು, ಅಷ್ಟೂ ಜವಾಬ್ದಾರಿ ಬೇಡ್ವಾ' ಎಂದು ನೀನು ಒಂದು ವರ್ಷದಿಂದ ಅನ್ನುತ್ತಿದ್ದೀ. ಆ ಸಿಟ್ಟಿಗೆ ನೀನು ಅವಳ ಫೋಟೋದ ಮುಂದೆ ಊದುಬತ್ತಿ ಹಚ್ಚಲೂ ಬರಲಿಲ್ಲ. ಪ್ರತಿ ಸಲವೂ ನಾನು ಹೂಂ ಅಂದೆ.

ಶೆಡ್ಡಿನಲ್ಲಿ ಬೆಳಕು ಹೋಗುತ್ತಿದೆ, ಬರೆದದ್ದು ಕಾಣುತ್ತಿಲ್ಲ. ಇಲ್ಲಿಗೆ ಸಾಕು.

ನಿನ್ನ ಅಪ್ಪ,
ತೋಕುಜಿ

ತಾ.ಕ.: ಹೊಸ್ತಿಲು ತುಕ್ಕು ತಿಂದದ್ದು ಇವತ್ತು ಕಂಡಿತೆಂದು ಬರೆದೆ. ಸುಳ್ಳು. ಅವತ್ತು ಕಂಬದ ಬಳಿಗೆ ಮೊದಲು ಓಡಿದವನು ನಾನು. ಬೆಲ್ಟ್ ಹಾಕಿಯೇ ಇದ್ದಳು. ಬುಡದ ಬೋಲ್ಟು ತುಕ್ಕು ತಿಂದ ಕೆಂಪು ತಗಡಿನ ಚೂರಿನ ಸಮೇತ ಕಿತ್ತು ಬಂದು ಅವಳ ಮಡಿಲಲ್ಲಿ ಬಿದ್ದಿತ್ತು. ಪೊಲೀಸರು ಬರುವಷ್ಟರಲ್ಲಿ ಬೆಲ್ಟಿನ ಕೊಂಡಿ ಬಿಚ್ಚಿ, ಬೋಲ್ಟನ್ನು ಮತ್ತೆ ಅದರ ತೂತಿಗೆ ತುರುಕಿದ್ದೆ. ಬೆಲ್ಟ್ ಹಾಕಿರಲಿಲ್ಲ ಎಂದೇ ಅವರು ಬರೆದುಕೊಂಡರು. ಭಾನುವಾರ ಬರುವುದಾದರೆ ಅವಳಿಗೆ ಊದುಬತ್ತಿ ಹಚ್ಚಿ ಹೋಗು. ನನ್ನನ್ನು ಮಾತಾಡಿಸಬೇಕೆಂದಿಲ್ಲ.