ಮುತ್ತೈದೆಯ ಕೈ

ಜೇವರ್ಗಿಯ ಭಾವನವರಾದ ಶಾಂತಲಿಂಗಪ್ಪನವರಿಗೆ ಆಳಂದದಿಂದ ಬಸವೇಶ್ವರಿಯ ಶರಣಾರ್ಥಿಗಳು.

ಮನೆಯ ಫೋಟೋಗಳೆಲ್ಲ ಇರುವ ಸರ್ವರ್ ಚಾಲೂ ಆಗುತ್ತಿಲ್ಲವೆಂದು ರಿಪೇರಿಗೆ ನನಗೆ ಕಳಿಸಿದ್ದೀರಿ. ತೆಂಗಿನಕಾಯಿ ನೀರು ಒಳಗೆ ಹೋಗಿ ಬೋರ್ಡು ಸುಟ್ಟಿದೆ. ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೆ ಪೂಜೆಯಂದು ನಿಮ್ಮ ಶ್ರೀಮತಿಯವರ ಕೈಯಿಂದ ಅದರ ಮೇಲೆ ಕಾಯಿನೀರು ಎರೆಸುವಾಗ ನಾನು ತಡೆಯಲು ಬಂದಿದ್ದೆ. "ಗಂಡ ಸತ್ತಾಕಿ ನೀ ದೂರ ನಿಂದ್ರವಾ, ಶುಭಕಾರ್ಯಕ್ಕ ಮುತ್ತೈದಿ ಕೈನೇ ಆಗಬೇಕು" ಅಂದಿರಿ.

ಫೋಟೋಗಳಿರುವ ಡಿಸ್ಕಿಗೆ ಏನೂ ಆಗಿಲ್ಲ. ಬೇರೆ ಕಂಪ್ಯೂಟರಿಗೆ ಜೋಡಿಸಿ ನನ್ನ ಯಜಮಾನರ ಫೋಟೋಗಳನ್ನು ತೆಗೆದುಕೊಂಡೆ. ನಿಮ್ಮ ಮಗಳ ಮದುವೆಯವು ಶುಭಕಾರ್ಯದವು, ಹಾಗಾಗಿ ಮುಟ್ಟಲಿಲ್ಲ. ಡಿಸ್ಕನ್ನು ಮರಳಿ ಕಳಿಸಿದ್ದೇನೆ. ಅದನ್ನು ತೆರೆಯುವ ಪಾಸ್‌ವರ್ಡನ್ನು ನಿಮ್ಮ ತಮ್ಮ ಸಾಯುವ ಮುನ್ನ ನನಗೊಬ್ಬಳಿಗೇ ಹೇಳಿದ್ದರು. ಅದು ಗೊತ್ತಿರುವ ಮುತ್ತೈದೆಯನ್ನು ಹುಡುಕಿಕೊಳ್ಳಿರಿ.

ನೀವು ಹೇಳಿದಷ್ಟೇ ದೂರ ನಿಂತಿರುವ,
ಬಸವೇಶ್ವರಿ