ಅಮ್ಮನ ಹೆಸರು ಕುಣಿಸಿದವನಿಗೆ

ಮೇಲೂರು,
೨೩ ನವೆಂಬರ್ ೨೦೦೮, ಭಾನುವಾರ

ತಮ್ಮ ಚಲಪತಿ,

'ಪ್ರೀತಿಯ' ಅಂತ ಶುರು ಮಾಡ್ಬೇಕು ಅಂತಾಳೆ ನನ್ನ ಮಗಳು ತನುಶ್ರೀ. ಬೇಕಾದ್ರೆ ನೀನೇ ಸೇರಿಸ್ಕೊಂಡು ಓದ್ಕೊ. ಹೆಂಗಿದ್ದೀಯ? ಬಳ್ಳಾರಿ ಬಿಸಿಲಿಗೆ ಮೂಗಲ್ಲಿ ರಕ್ತ ಬರ್ತಿತ್ತಲ್ಲ, ನಿಂತಿತಾ? ಅಣ್ಣ ಆದ್ಮೇಲೆ ಕೇಳ್ಬೇಕು, ಕೇಳ್ದೆ. ನಾವೆಲ್ಲ ಗಟ್ಟಿಯಾಗಿದ್ದೀವಿ. ಬರೆಯೋಕೆ ಕೂತ್ರೆ ಸಿಟ್ಟಿಗೆ ಕಾಗದ ಹರಿದೋಗುತ್ತೆ, ಅದಕ್ಕೆ ಮೊಬೈಲಲ್ಲಿ ಮಾತಾಡಿ ಇಡ್ತಿದ್ದೀನಿ. ತನುಶ್ರೀ ಕೇಳ್ಕೊಂಡು ಬರೀತಾಳೆ. ಬೈಗುಳ ಒಂದೂ ಬಿಡಬಾರ್ದು ಅಂತ ಹೇಳಿದ್ದೀನಿ.

ಅಮ್ಮನ ವರ್ಷದ ತಿಥಿಗೆ ಬರಲ್ಲ, ಇಂಟರ್ನೆಟ್ಟಲ್ಲಿ ಅಮ್ಮನಿಗೆ ಒಂದು ಪೇಜ್ ಮಾಡಿದ್ದೀನಿ, ಬಂದವರಿಗೆಲ್ಲ ಅದನ್ನೇ ತೋರ್ಸಿ ಅಂತ ತನುಶ್ರೀಗೆ ಮೆಸೇಜ್ ಕಳಿಸಿದ್ದೀಯ. ಆಹಾ, ಏನು ಮಗನಪ್ಪ! ಅದನ್ನ ನೋಡೋಕೆ ಅಂತ ಅವಳನ್ನ ಕರ್ಕೊಂಡು ಶಿಡ್ಲಘಟ್ಟಕ್ಕೆ ಹೋಗಿ ಕೋನಪ್ಪನ ಸೈಬರ್ ಸೆಂಟರಲ್ಲಿ ಕೂತೆ. ರೇಷ್ಮೆ ಗೂಡಿನ ಮಾರ್ಕೆಟ್ಟಿಂದ ಬಂದಿದ್ದ ನಮ್ಮೂರಿನವರೂ ಹಿಂದೆ ನಿಂತ್ಕೊಂಡ್ರು. ಅಮ್ಮನ ಫೋಟೋ ಬಂತು, ಕೈ ಮುಗಿದೆ. ಆಮೇಲೆ ಮೇಲಿಂದ 'ಕ' ಅಂತ ಒಂದು ಅಕ್ಷರ ದೊಪ್ಪಂತ ಬಿತ್ತು. ಚೆಂಡು ಪುಟಿದಂಗೆ ಪುಟೀತು. ಹಿಂದೇನೆ 'ದಿ', ಅದರ ಹಿಂದೆ 'ರ', 'ಮ್ಮ'. ಕದಿರಮ್ಮ! ನಮ್ಮನ್ನ ಹೆತ್ತವಳ ಹೆಸರು ಕೆಂಪು, ಹಸಿರು ಆಗ್ತಾ ಬಾರ್ ಅಂಗಡಿ ಬೋರ್ಡ್ ಥರ ಮಿಣಮಿಣ ಅಂತು. ತನುಶ್ರೀ ಮೌಸ್ ಹತ್ರ ತಗೊಂಡು ಹೋದ್ರೆ ಅಕ್ಷರ ಒಂದೊಂದೂ ದಿಕ್ಕಾಪಾಲಾಗಿ ಓಡಿಹೋದ್ವು. ಹಿಂದೆ ನಿಂತವರು ನಕ್ಕುಬಿಟ್ರು ಕಣೋ. ಕೋನಪ್ಪ ಬೇರೆ, "ಅಣ್ಣಾ, ಚಾಲಾ ಬಾಗುಂದಿ! ನಮ್ಮ ಸೆಂಟರ್ ಹೆಸರಿಗೂ ಇಂಥದ್ದೊಂದು ಹಾಕಿಸ್ಕೊಡಿ" ಅಂದ. ಅಲ್ಲೇ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಕಾಲೇಜಲ್ಲಿ ಹುಡುಗರಿಗೆ ನೀನು ಕಲಿಸೋ ವಿದ್ಯೆ ಇದೇನಾ?

ನಿನ್ನ ಸಿಟ್ಟು ನಂಗೆ ಗೊತ್ತು. ನೀನು ಬರೋ ಅಷ್ಟ್ರಲ್ಲಿ ಬೆಂಕಿ ಕೊಟ್ಬಿಟ್ರು, ಅಮ್ಮನ ಮುಖಾನೂ ನೋಡಲಿಲ್ಲ ಅಂತ. ಹೊತ್ತು ಮುಳುಗೋವರೆಗೂ ಅಂಗಳದಲ್ಲೇ ಇಟ್ಕೊಂಡು ಕೂತಿದ್ವಿ. ನಿನ್ನ ಬಸ್ಸು ಎಲ್ಲೋ ಕೆಟ್ಟು ನಿಂತಿತ್ತು. ಓಬಳಮ್ಮತ್ತೆ, "ಇನ್ನು ಇಟ್ಕೋಬಾರ್ದಪ್ಪ, ಎತ್ತಿ" ಅಂದ್ರು. ಎತ್ತಿದ್ವಿ. ನೀನು ಬಂದೆ, ಬಾಗಿಲಲ್ಲಿ ಇಟ್ಟಿದ್ದ ನೀರು ಕಾಲಿಗೆ ಹಾಕ್ಕೊಳ್ದೆ ಹಂಗೇ ತಿರುಗಿ ಹೋದೆ. ಹನ್ನೊಂದನೇ ದಿನಕ್ಕೂ ಇಲ್ಲ. ಸರಿ, ಅಣ್ಣನ ಮೇಲೆ ಹಗೆ ಇಟ್ಕೊ. ಆದ್ರೆ ಅಮ್ಮ ಏನು ಮಾಡಿದ್ಲು, ಅವಳ ಹೆಸರನ್ನ ಊರ ಮುಂದೆ ಕುಣಿಸೋಕೆ?

ಆ ಹೆಸರು ಬರೆಯೋಕೆ ಅವಳಿಗೆ ಕಲಿಸಿದವನು ನೀನೇ ಅಲ್ವೇನೋ? ರೇಷ್ಮೆ ಆಫೀಸಲ್ಲಿ ಹೆಬ್ಬೆಟ್ಟು ಒತ್ತಿಸ್ಕೊಂಡು ಗುಮಾಸ್ತ ನಕ್ಕ ಅಂತ ಮನೆಗೆ ಬಂದು ಊಟ ಮಾಡಲಿಲ್ಲ ಅವಳು. ರೇಷ್ಮೆ ಸಾಕೋ ಹುಳುಮನೆ ಗೋಡೆ ಮೇಲೆ ಇದ್ದಿಲಲ್ಲಿ ನೀನು ಬರೆದುಕೊಟ್ಟೆ. ಹುಳಕ್ಕೆ ಸೊಪ್ಪು ಹಾಕಿ ಹಾಕಿ ಅದರ ಕೆಳಗೇ ತಿದ್ದೋಳು. ಆ ಗೋಡೆಗೆ ನಾನಿನ್ನೂ ಸುಣ್ಣ ಹೊಡ್ಸಿಲ್ಲ. ನಿಂಗೆ ಅದರ ನೆನಪಾದ್ರೂ ಇದೆಯೋ ಇಲ್ವೋ.

ತಿಥಿಗೆ ತೊಂಡೇಬಾವಿಯಿಂದ, ಮುರುಗಮಲ್ಲದಿಂದ ಜನ ಬರ್ತಾರೆ. ಅಷ್ಟರೊಳಗೆ ಆ ಕುಣಿತ ನಿಲ್ಬೇಕು. ನಿಲ್ಲಿಸ್ದೇ ಇದ್ರೆ ನಂಗೆ ತಮ್ಮ ಅನ್ನೋನು ಇರಲೇ ಇಲ್ಲ ಅಂದ್ಕೊತೀನಿ. ನಿನ್ನ ಹೆಂಡ್ತಿಗೆ, ಮಗೂಗೆ ನನ್ನ ಆಶೀರ್ವಾದ. ನಿಂಗೆ ಇಲ್ಲ.

ನಿನ್ನ ಅಣ್ಣ,
ವೆಂಕಟರವಣಪ್ಪ

ಮರೆತಿದ್ದೆ, ತನೂ, ಇದನ್ನೂ ಬರಿಯಮ್ಮ: ಈಗ ಹುಳುಮನೆಗೆ ಹೋಗಿ ಗೋಡೆ ನೋಡ್ಕೊಂಡು ಬಂದೆ. ಅಮ್ಮನ ಹೆಸರು ಮೊದಲನೇ ಅಕ್ಷರದಿಂದ ಬರಲ್ಲ ಕಣೋ ಚಲಪತಿ. ನೀನು ಎಷ್ಟು ಗದರಿದ್ರೂ ಅವಳು ಮೊದ್ಲು ಬರೀತಿದ್ದಿದ್ದು 'ರ'. "ಇದು ಮುದ್ದೆ ಥರ ದುಂಡಗಿದೆ, ಇದನ್ನ ನಡುವೆ ಇಟ್ಬಿಡ್ತೀನಿ, ಮಿಕ್ಕಿದವು ಸುತ್ತ ಕೂತ್ಕೊಳ್ಳಿ" ಅಂತಿದ್ಲು. ಆಮೇಲೆ 'ಮ್ಮ', ಆಮೇಲೆ ಈ ಕಡೆ ಬಂದು 'ಕ'. 'ದಿ' ಅಂದ್ರೆ ಭಯ, ಅದು ಯಾವಾಗ್ಲೂ ಕೊನೆಗೆ, ಜಾಗ ಸಾಲದೆ ಸಣ್ಣಗೆ ಒತ್ಕೊಂಡು. ನಿನ್ನ ಕಂಪ್ಯೂಟರಲ್ಲಿ ಹಂಗೆ ಮಾಡೋಕೆ ಆಗುತ್ತಾ? ಬಣ್ಣ ಬೇಡ, ಇದ್ದಿಲ ಕಪ್ಪು ಇರ್ಲಿ. ನಿಧಾನಕ್ಕೆ ಬರ್ಲಿ, ಬಂದ್ಮೇಲೆ ಅಲ್ಲಾಡಬಾರ್ದು. ಆಗೋದಾದ್ರೆ ತಿಥಿ ದಿನ ನೀನೇ ತಂದು ಜನಕ್ಕೆ ತೋರ್ಸು, ನಂಗೆ ಮೌಸ್ ಹಿಡಿಯೋಕೆ ಬರಲ್ಲ. ಬಸ್ಸು ಕೆಟ್ರೆ ಕೆಡ್ಲಿ. ಈ ಸಲ ನೀನು ಬರೋವರೆಗೂ ಎಲೆ ಹಾಕಲ್ಲ.